ಜಪಾನಿ ಮರದಚ್ಚು ಕಲಿಯಬೇಕಾ? ಮೊದಲು ಉಳಿ ಹಿಡಿಯಬೇಡಿ

ಕೆಲಸದ ಮೇಲೆ ಎರಡು ವರ್ಷ ಟೋಕಿಯೋದಲ್ಲಿ ಇರುತ್ತೇನೆ, ಅಷ್ಟರಲ್ಲಿ ಒಬ್ಬ ಗುರುವಿನ ಹತ್ತಿರ ಮರದ ಹಲಗೆಯಲ್ಲಿ ಚಿತ್ರ ಕೆತ್ತುವುದು, ಅದರಿಂದ ಕಾಗದದ ಮೇಲೆ ಅಚ್ಚು ಹಾಕುವುದು ಎರಡನ್ನೂ ಕಲಿಯಬಹುದಾ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಅಲ್ಲಿದ್ದಾಗ ಮೂರು ವರ್ಷ ಪ್ರತಿ ಶನಿವಾರ ಹಿರಿಯ ಕಸುಬುದಾರರೊಬ್ಬರ ಮನೆಗೆ ಹೋಗಿ ಕಲಿತೆ. ನನ್ನ ಉತ್ತರ ಇಷ್ಟು: ಮೊದಲು ಅಚ್ಚು ಹಾಕಲು ಕಲಿಯಿರಿ, ಕೆತ್ತನೆ ಆಮೇಲೆ.

ಅಲ್ಲಿ ಇವು ಎರಡು ಬೇರೆ ಬೇರೆ ಕಸುಬು. ಜಪಾನಿನ ಚಿತ್ರಕಾರ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರ ನೀವು ನೋಡಿರುತ್ತೀರಿ, ಅದೂ ಮರದಚ್ಚೇ, 1831ರ ಹೊತ್ತಿನದು. ಹೊಕುಸಾಯ್ ಬರೆದದ್ದು ಚಿತ್ರ ಮಾತ್ರ. ಮರ ಕೆತ್ತುವವರು ಹೊರಿಶಿ, ಅಚ್ಚು ತೆಗೆಯುವವರು ಸುರಿಶಿ. ದುಡ್ಡು ಹಾಕಿ ಎಲ್ಲರಿಂದ ಕೆಲಸ ಮಾಡಿಸುತ್ತಿದ್ದವರು ಪ್ರಕಾಶಕರು. ಒಂದೊಂದು ಕಸುಬಿಗೂ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ದುಡಿದು ಕಲಿಯುತ್ತಿದ್ದರು. ಕೆತ್ತುವವರಲ್ಲೂ ಮುಖ, ಕೂದಲು ಹಿರಿಯರ ಪಾಲು, ಬಟ್ಟೆಬರೆ ಕಿರಿಯರ ಪಾಲು. ಹಾಗಾಗಿ ಎರಡು ವರ್ಷದಲ್ಲಿ ಎರಡರಲ್ಲೂ ಪಳಗುತ್ತೀರಿ ಅಂತ ನಾನು ಹೇಳಲಾರೆ. ಒಳ್ಳೆಯ ಅಚ್ಚು ಹೇಗಾಗುತ್ತದೆ ಅನ್ನುವುದು ಕೈಗೆ ಗೊತ್ತಾಗುವಷ್ಟು ಖಂಡಿತ ಕಲಿಯಬಹುದು.

ನಮ್ಮ ಬ್ಲಾಕ್ ಪ್ರಿಂಟ್ ಸೀರೆಗೆ ಅಚ್ಚನ್ನು ಬಟ್ಟೆ ಮೇಲೆ ಒತ್ತುತ್ತಾರೆ, ಅಲ್ವಾ? ಅಲ್ಲಿ ಹಾಗಲ್ಲ. ಹಲಗೆ ಮುಖ ಮೇಲೆ ಮಾಡಿ ಕೂತಿರುತ್ತದೆ. ನೀರುಬಣ್ಣಕ್ಕೆ ಚೂರು ಅಕ್ಕಿ ಅಂಟು ಸೇರಿಸಿ ಬ್ರಷ್‌ನಿಂದ ಮರದ ಮೇಲೆ ಹರಡಬೇಕು. ಅದರ ಮೇಲೆ ತೇವದ ಕಾಗದ ಇಟ್ಟು, ಕಾಗದದ ಬೆನ್ನನ್ನು ಬರೆನ್‌ನಿಂದ ಉಜ್ಜಬೇಕು. ಬರೆನ್ ಅಂದರೆ ಅಂಗೈಯಗಲದ ಚಪ್ಪಟೆ ಬಿಲ್ಲೆ. ಕಳಲೆಯ ಒಣ ಸಿಪ್ಪೆಯನ್ನು ಅದಕ್ಕೆ ಹೊದಿಸಿರುತ್ತಾರೆ. ಒಳಗೆ ಅದೇ ಸಿಪ್ಪೆಯನ್ನು ಸೀಳಿ ಹೊಸೆದ ಹುರಿಯ ಸುರುಳಿ. ಆ ಹುರಿಯ ಉಬ್ಬುಗಳೇ ಬಣ್ಣವನ್ನು ಕಾಗದದ ನಾರಿನೊಳಕ್ಕೆ ತಳ್ಳುತ್ತವೆ.

ಗುರುಗಳು ನನಗೆ ಮೊದಲು ಕೊಟ್ಟ ಕೆಲಸ ಕಾಗದ ತೇವ ಮಾಡುವುದು. ಹಿಂದಿನ ದಿನವೇ ನೀರು ಹಚ್ಚಿ, ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಹಲಗೆಗಳ ನಡುವೆ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಹೊತ್ತಿಗೆ ತೇವ ಎಲ್ಲ ಹಾಳೆಗೂ ಒಂದೇ ಸಮ ಹರಡಿರಬೇಕು. ಜಾಸ್ತಿಯಾದರೆ ಗೆರೆಯ ಅಂಚು ಒಡೆದುಕೊಳ್ಳುತ್ತದೆ. ಕಮ್ಮಿಯಾದರೆ ಬಣ್ಣ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಎಷ್ಟು ತೇವ ಸಾಕು ಅಂತ ಕೇಳಿದೆ. ಅವರು ಮಾತಾಡಲಿಲ್ಲ, ಒಂದು ಹಾಳೆ ತೆಗೆದು ನನ್ನ ಕೆನ್ನೆಗೆ ಮುಟ್ಟಿಸಿದರು. ಜೂನ್ ಮಳೆಯಲ್ಲಿ ಒಂದು ಲೆಕ್ಕ, ಜನವರಿಯ ಒಣ ಚಳಿಯಲ್ಲಿ ಇನ್ನೊಂದು. ಇದು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಇದಕ್ಕಾಗಿಯೇ ಗುರು ಬೇಕು.

ಬಣ್ಣಕ್ಕೊಂದು ಹಲಗೆ ಇರುತ್ತದೆ. ಎಲ್ಲ ಬಣ್ಣ ತಮ್ಮ ಜಾಗದಲ್ಲೇ ಬೀಳಲಿ ಅಂತ ಪ್ರತಿ ಹಲಗೆಯಲ್ಲೂ ಎರಡು ಗುರುತು ಕೆತ್ತಿರುತ್ತಾರೆ, ಒಂದು ಮೂಲೆಗೆ, ಒಂದು ಬದಿಗೆ. ಇದೇ ಕೆಂತೋ. ಕಾಗದ ಕುಗ್ಗಿದರೆ ಕೆಂತೋ ಏನೂ ಮಾಡಲಾರದು. ಒಂದು ಶನಿವಾರ ನಾನು ಹಾಳೆಗಳನ್ನು ಮುಚ್ಚದೆ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅಂಚು ಒಣಗಿತ್ತು. ಮೂರನೇ ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಬಿತ್ತು. 30 ಹಾಳೆ ಹಾಳಾದವು. ಗುರುಗಳು ಬೈಯಲಿಲ್ಲ. ಎಲ್ಲವನ್ನೂ ಸಾಲಾಗಿ ಹರಡಿ, ತಪ್ಪು ಯಾವ ಹಾಳೆಯಿಂದ ಶುರುವಾಯಿತು ಅಂತ ನನ್ನ ಕೈಯಲ್ಲೇ ಹುಡುಕಿಸಿದರು. ಆ ಮಧ್ಯಾಹ್ನ ನನಗೆ ಇವತ್ತಿಗೂ ನೆನಪಿದೆ.

ಒಂದೂವರೆ ವರ್ಷದ ಮೇಲೆ ಅವರೇ ನನ್ನನ್ನು ತಮ್ಮ ಪರಿಚಯದ ಹೊರಿಶಿ ಹತ್ತಿರ ಕಳಿಸಿದರು. ಅಲ್ಲಿ ಕೆಲವು ವಾರ ಬರೀ ಸಾಣೆಕಲ್ಲಿನ ಮುಂದೆ ಕೂತು ಚಾಕು ಮಸೆದೆ. ಆಮೇಲೆ ಕಾಡು ಚೆರ್ರಿ ಮರದ ಹಲಗೆ. ತೆಳು ಕಾಗದದ ಚಿತ್ರವನ್ನು ಅದರ ಮೇಲೆ ಬೋರಲಾಗಿ ಅಂಟಿಸುತ್ತಾರೆ. ಬೆನ್ನಿನ ಪದರವನ್ನು ಬೆರಳಲ್ಲಿ ತಿಕ್ಕಿ ತೆಗೆದರೆ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಗೆರೆಯನ್ನು ಕೆತ್ತುವುದಿಲ್ಲ, ಅದರ ಎರಡೂ ಪಕ್ಕ ಕೆತ್ತಿ ಗೆರೆಯನ್ನು ಉಳಿಸುತ್ತಾರೆ. ಅದು ಗದ್ದೆಯ ಬದುವಿನ ಹಾಗಿರಬೇಕು, ಮೇಲೆ ಸಣ್ಣ, ಬುಡ ಅಗಲ. ಯಾಕೆ ಅಂತ ನನಗೆ ಯಾರೂ ಹೇಳಬೇಕಾಗಲಿಲ್ಲ. ಬುಡ ಗಟ್ಟಿಯಿಲ್ಲದ ಗೆರೆ ಉಜ್ಜುವಾಗ ಮುರಿಯುವುದನ್ನು ನೋಡಿದ್ದೆ. ತಗ್ಗು ಸಾಲದಿದ್ದರೆ ಖಾಲಿ ಇರಬೇಕಾದ ಜಾಗದಲ್ಲೂ ಬಣ್ಣ ಹತ್ತುವುದನ್ನು ಕೂಡ. ಮೊದಲು ಅಚ್ಚು ಹಾಕಲು ಕಲಿಯಿರಿ ಅಂತ ಹೇಳುವುದು ಇದಕ್ಕೇ.

ಟೋಕಿಯೋ ತಲುಪಿದ ಮೇಲೆ ಅಸಾಕುಸಾ ಬಡಾವಣೆಯಲ್ಲಿರುವ ಮರದಚ್ಚಿನ ಅಂಗಡಿ ಮೊಕುಹಾನ್ಕಾನ್‌ಗೆ ಹೋಗಿ. 1986ರಲ್ಲಿ ಜಪಾನಿಗೆ ಬಂದು ನೆಲೆಸಿದ ಮರದಚ್ಚು ಕಸುಬುದಾರ ಡೇವಿಡ್ ಬುಲ್ ಅವರು ಕಟ್ಟಿದ ಜಾಗ ಅದು. ಹಳೆಯ ಕ್ರಮದಲ್ಲೇ ಅಚ್ಚು ತೆಗೆಯುವ ಅದಾಚಿ ಸಂಸ್ಥೆಯನ್ನೂ ನೋಡಿ. ಗುರುವನ್ನು ಹುಡುಕುವಾಗ ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಪರಿಚಯದವರ ಮೂಲಕ ಕೇಳಿಸಿ, ಜಪಾನಿಯಲ್ಲಿ ಒಂದು ಚಿಕ್ಕ ಪತ್ರ ಬರೆಯಿರಿ. ಒಪ್ಪಿದರೆ ಒಂದು ವಾರವೂ ತಪ್ಪಿಸಬೇಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಬೇಕು, ಆ ಅಭ್ಯಾಸ ಈಗಿಂದಲೇ ಮಾಡಿಕೊಳ್ಳಿ.