ಸ್ಟೀಲ್ ತಂತಿ ಸುತ್ತಿ 220 ಡಿಗ್ರಿಗೆ ಇಟ್ಟರೂ ವೇಪ್‌ನಲ್ಲಿ ಹತ್ತಿ ಯಾಕೆ ಸುಡುತ್ತೆ?

ನೀವು ಕೇಳಿದ್ದು ಇಷ್ಟು: ಮ್ಯಾಂಚೆಸ್ಟರ್‌ನಲ್ಲಿದ್ದೀರಿ, ನಿಮ್ಮ ವೇಪ್‌ಗೆ, ಅಂದರೆ ಇ-ಸಿಗರೇಟ್‌ಗೆ, ಕ್ಯಾಂಥಾಲ್ (ಹೀಟರ್‌ಗಳಿಗೆ ಬಳಸುವ ಮಿಶ್ರಲೋಹದ ತಂತಿ) ಕಾಯಿಲ್ ಹಾಕಿದಾಗ ಬಿಸಿಯನ್ನು ಮಿತಿಯಲ್ಲಿಡುವ ಟೆಂಪರೇಚರ್ ಕಂಟ್ರೋಲ್ ಕೆಲಸವೇ ಮಾಡಲಿಲ್ಲ, ಎಸ್‌ಎಸ್ 316 ಅನ್ನುವ ಸ್ಟೇನ್‌ಲೆಸ್ ಸ್ಟೀಲ್ ತಂತಿ ಸುತ್ತಿದ ಮೇಲೆ 220 ಡಿಗ್ರಿಗೆ ಇಟ್ಟರೂ, ಕಾಯಿಲ್ ಒಳಗೆ ದ್ರವ ಹೀರಲು ತೂರಿಸುವ ಹತ್ತಿ ಸುಟ್ಟ ವಾಸನೆ ಬರುತ್ತಿದೆ. ಜೊತೆಗೆ, ಮುಂದಿನ ತಿಂಗಳು ಬೆಂಗಳೂರಿಗೆ ಬರುವಾಗ ಆ ವೇಪ್ ತರಬಹುದಾ ಅಂತ.

ನಾನು ವೇಪ್ ಸೇದುವವನಲ್ಲ. ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಹೀಟರ್ ಕಾಯಿಲ್ ಸುತ್ತುವುದು ನನ್ನ ಕಸುಬು. ಹಾಗಾಗಿ ತಂತಿಯ ವಿಷಯ ಹೇಳಬಲ್ಲೆ.

ಆ ಪುಟ್ಟ ಕಾಯಿಲ್ ಹತ್ತಿರ ಬೇರೆ ಸೆನ್ಸರ್ ಇರುವುದಿಲ್ಲ, ತಂತಿಯೇ ಥರ್ಮಾಮೀಟರ್. ಕಾದಂತೆಲ್ಲ ಅದರ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಏರುತ್ತದೆ, ಎಷ್ಟು ಏರಿತು ಅನ್ನುವುದನ್ನು ನೋಡಿ ಡಿವೈಸ್ ಬಿಸಿಯ ಲೆಕ್ಕ ಹಾಕುತ್ತದೆ. 200 ಡಿಗ್ರಿ ಬಿಸಿ ಹೆಚ್ಚಿದರೆ ಶುದ್ಧ ನಿಕ್ಕಲ್ ತಂತಿಯಲ್ಲಿ ಸುಮಾರು ಶೇ. 120ರಷ್ಟು ಏರಿಕೆ, ಟೈಟಾನಿಯಂನಲ್ಲಿ ಶೇ. 70, ನಿಮ್ಮ ಎಸ್‌ಎಸ್ 316ರಲ್ಲಿ ಶೇ. 18. ಕ್ಯಾಂಥಾಲ್‌ನಲ್ಲಿ ಶೇ. 1 ಕೂಡ ಇಲ್ಲ. ನಮಗೆ ಅದು ಇಷ್ಟವಾಗುವುದೇ ಅದಕ್ಕೆ: ಎಲಿಮೆಂಟ್ ಕೆಂಪಗಾದರೂ ಓಮ್ ಅಲುಗುವುದಿಲ್ಲ. ಅಲುಗದ ತಂತಿಯಿಂದ ನಿಮ್ಮ ಡಿವೈಸ್ ಏನನ್ನು ತಿಳಿದೀತು?

ಸ್ಟೀಲ್ ಆರಿಸಿದ್ದು ಸರಿಯಾಗಿಯೇ ಇದೆ. ನಿಕ್ಕಲ್ ತೀರಾ ಮೆತ್ತಗೆ, ಹತ್ತಿ ತೂರಿಸುವಾಗಲೇ ಸುತ್ತು ಸೊಟ್ಟಗಾಗುತ್ತದೆ, ಕೆಲವರ ಮೈಗೆ ಅಲರ್ಜಿ ಕೂಡ. ಟೈಟಾನಿಯಂ ಅನ್ನು ಕೆಂಪಗೆ ಕಾಯಿಸಿದರೆ ಮೇಲೆ ಬಿಳಿ ಪುಡಿಯಂತೆ ಆಕ್ಸೈಡ್ ಕೂರುತ್ತದೆ, ನಾನಂತೂ ಅದರ ಹತ್ತಿರ ಹೋಗಬೇಡಿ ಅನ್ನುತ್ತೇನೆ.

ಈಗ ಸುಟ್ಟ ವಾಸನೆ. ಮೊದಲು ಮೆನು ನೋಡಿ. ಸ್ಟೀಲ್ ತಂತಿ ಹಾಕಿ ನಿಕ್ಕಲ್ ಮೋಡ್‌ನಲ್ಲಿ ಬಿಟ್ಟಿದ್ದರೆ, ಡಿವೈಸ್ ನಿರೀಕ್ಷಿಸುವ ಶೇ. 120ರ ಏರಿಕೆ ಬರುವುದೇ ಇಲ್ಲ, ಕರೆಂಟ್ ಪೂರ್ತಿ ಹರಿಯುತ್ತಲೇ ಇರುತ್ತದೆ.

ಅದು ಸರಿ ಇದ್ದರೆ, ತಪ್ಪು ಬಹುತೇಕ ನೀವು ಲಾಕ್ ಮಾಡಿದ, ಅಂದರೆ ತಣ್ಣಗಿನ ಕಾಯಿಲ್‌ನ ಓಮ್ ಇಷ್ಟು ಅಂತ ಡಿವೈಸ್‌ನಲ್ಲಿ ಉಳಿಸಿದ, ಮೊದಲ ರೀಡಿಂಗ್‌ನಲ್ಲಿದೆ. ಸುತ್ತಿ, ಒಮ್ಮೆ ಬಿಸಿ ಮಾಡಿ ನೋಡಿ, ಕೂಡಲೇ ಲಾಕ್ ಮಾಡಿದೆ ಅಂತ ಬರೆದಿದ್ದೀರಲ್ಲ, ಅಲ್ಲೇ. ಕಾಯಿಲ್ ಆಗ 50 ಡಿಗ್ರಿಯಲ್ಲಿತ್ತು ಅಂದುಕೊಳ್ಳಿ. 20 ಡಿಗ್ರಿಯಲ್ಲಿ 0.56 ಓಮ್ ಇರಬೇಕಾದದ್ದು 0.575 ಆಗಿರುತ್ತದೆ. ಡಿವೈಸ್ ಅದನ್ನೇ ತಣ್ಣಗಿನ ಲೆಕ್ಕ ಅಂತ ನಂಬಿ, ಅದರ ಮೇಲೆ ಶೇ. 18 ಏರುವ ತನಕ ಕಾಯಿಸುತ್ತದೆ. ಪರದೆಯ ಮೇಲೆ 220, ತಂತಿಯಲ್ಲಿ ಸುಮಾರು 255. ಹತ್ತಿ ಕಂದುಗಟ್ಟುವುದಕ್ಕೆ ಅಷ್ಟು ಧಾರಾಳವಾಗಿ ಸಾಕು. ನಿಕ್ಕಲ್ ಆಗಿದ್ದರೆ ಇದೇ ತಪ್ಪಿಗೆ 285 ದಾಟುತ್ತಿತ್ತು. ಅರ್ಧ ಗಂಟೆ ಕಾಯಿಲ್ ಮುಟ್ಟದೆ ಬಿಡಿ, ಕೋಣೆಯ ತಂಪಿಗೆ ಬಂದ ಮೇಲೆ ಲಾಕ್ ಮಾಡಿ. ಕೋಣೆಯ ಬಿಸಿ ತುಂಬುವ ಆಯ್ಕೆ ಇದ್ದರೆ ತುಂಬಿ. ಏಪ್ರಿಲ್‌ನ ನಮ್ಮ ಶೆಡ್ಡಿನಲ್ಲಿ 34 ಡಿಗ್ರಿ ಇರುತ್ತದೆ, ಅದನ್ನು 20 ಅಂತ ಬರೆದುಕೊಂಡರೆ ನಮ್ಮ ಅಳತೆಯೂ ಕೆಡುತ್ತದೆ.

ಎರಡನೆಯದು ಜಾಯಿಂಟ್. ತಂತಿ ಕಚ್ಚಿಸುವ ಸ್ಕ್ರೂ ಲೂಸ್ ಆಗಿ ಬರೀ 0.01 ಓಮ್ ವ್ಯತ್ಯಾಸ ಬಂದರೂ ನಿಮ್ಮ ಕಾಯಿಲ್‌ನಲ್ಲಿ ಅದು 20 ಡಿಗ್ರಿಯ ಸುಳ್ಳು. ಗೀಸರ್ ರಿಪೇರಿಗೆ ಬಂದರೂ ನಾನು ಮೊದಲು ಮುಟ್ಟಿ ನೋಡುವುದು ಟರ್ಮಿನಲ್ ಸ್ಕ್ರೂ. ಎರಡು ಸಲ ಬಿಸಿಯಾಗಿ ಆರಿದ ಮೇಲೆ ಇನ್ನೊಮ್ಮೆ ಟೈಟ್ ಮಾಡಿ.

ಸುತ್ತುವಾಗ ಸುತ್ತುಗಳ ನಡುವೆ ಒಂದು ತಂತಿಯಷ್ಟು ಸಂದು ಬಿಡಿ. ಸ್ಟೀಲ್ ಸುತ್ತುಗಳು ಒಂದಕ್ಕೊಂದು ತಾಗಿದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ, ರೀಡಿಂಗ್ ಕುಣಿಯುತ್ತದೆ. ದಪ್ಪವನ್ನು ಮಿಲಿಮೀಟರ್‌ನಲ್ಲೇ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಗೇಜ್ (ತಂತಿಯ ದಪ್ಪದ ನಂಬರ್) ಅಂದರೆ ಬ್ರಿಟಿಷ್ ಪದ್ಧತಿಯ ಎಸ್‌ಡಬ್ಲ್ಯುಜಿ ಅಂದುಕೊಳ್ಳುವವರೇ ಹೆಚ್ಚು, ಅದರಲ್ಲಿ 26 ಅಂದರೆ 0.457 ಮಿ.ಮೀ. ಅಮೆರಿಕನ್ ಪದ್ಧತಿಯ ಎಡಬ್ಲ್ಯುಜಿಯಲ್ಲಿ ಅದೇ 26 ಅಂದರೆ 0.405. ನಮ್ಮ ಹುಡುಗರು ಒಮ್ಮೆ ಇದರಲ್ಲೇ ಎಡವಿ ಇಡೀ ದಿನದ ಕೆಲಸ ಬಿಚ್ಚಿ ಮತ್ತೆ ಸುತ್ತಿದ್ದಾರೆ. 0.4 ಮಿ.ಮೀ. ಸ್ಟೀಲ್ ತಂತಿಯನ್ನು 3 ಮಿ.ಮೀ. ಕಡ್ಡಿಯ ಮೇಲೆ 8 ಸುತ್ತು ಹಾಕಿದರೆ, ಸ್ಕ್ರೂಗೆ ಹೋಗುವ ಎರಡು ತುದಿಗಳೂ ಸೇರಿ 0.55ರಿಂದ 0.6 ಓಮ್ ಬರಬೇಕು. ತೀರಾ ಬೇರೆ ಬಂದರೆ ತಂತಿಯನ್ನೇ ಅನುಮಾನಿಸಿ.

ಇನ್ನು ತರುವ ಮಾತು: ತರಬೇಡಿ. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟ್‌ನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ತಯಾರಿಕೆ ಅನ್ನುವುದರಲ್ಲಿ ಬಿಡಿಭಾಗವೂ ಸೇರುತ್ತದೆ. ಆಮದಿಗೆ ಮೊದಲ ಸಲವೇ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಲ್ಲಿದ್ದಷ್ಟು ದಿನ ನಿಕೋಟಿನ್ ಇಲ್ಲದೆ ಕಷ್ಟ ಅನಿಸಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ, ಸಂಕೋಚವಿಲ್ಲದೆ ಹೋಗಿ. ಡಿವೈಸ್, ಸುತ್ತಿದ ಕಾಯಿಲ್ ಎರಡನ್ನೂ ಮ್ಯಾಂಚೆಸ್ಟರ್‌ನ ರೂಮಿನಲ್ಲೇ ಇಟ್ಟು ಬನ್ನಿ.