ಹಳೇ ಸ್ಪೋರ್ಟ್ಸ್ ಕಾರು, ಮನೆಯಲ್ಲೇ ರಿಪೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ದೊಡ್ಡಪ್ಪನ 1966ರ ಎಂಜಿಬಿ (ಎಂಜಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಈಗ ನನ್ನ ಪಾಲಿಗೆ ಬಂದಿದೆ. ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿತ್ತು. ಹೊಸ ಬ್ಯಾಟರಿ ಹಾಕಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಬಹುದಾ? ಆಮೇಲೆ ಗಾಡಿಯನ್ನು ಪೂರ್ತಿ ಬಿಚ್ಚಿ ಹೊಸದರ ಹಾಗೆ ಮಾಡಬೇಕು ಅಂತಿದ್ದೇನೆ.

ಉತ್ತರ: ದಯವಿಟ್ಟು ಇವತ್ತೇ ಕೀ ತಿರುಗಿಸಬೇಡಿ. ಅಷ್ಟು ವರ್ಷ ನಿಂತ ಇಂಜಿನ್ನಿನಲ್ಲಿ ಎಣ್ಣೆಯೆಲ್ಲ ಕೆಳಗೆ ಇಳಿದುಹೋಗಿರುತ್ತದೆ. ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿರಬಹುದು. ಅಂಥ ಹೊತ್ತಲ್ಲಿ ಸ್ಟಾರ್ಟರ್ ಜೋರಾಗಿ ಎಳೆದರೆ ರಿಂಗ್ ಮುರಿಯುತ್ತದೆ, ಸಿಲಿಂಡರಿನಲ್ಲಿ ಗೀರು ಬೀಳುತ್ತದೆ.

ಮೊದಲು ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ಸಿಲಿಂಡರಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಮಾರನೇ ದಿನ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ನೂಕಿ ನೋಡಿ. ಇಂಜಿನ್ ಬಿಗಿಯಾಗಿದ್ದರೆ ಬಲವಂತ ಬೇಡ. ಇನ್ನಷ್ಟು ಎಣ್ಣೆ ಬಿಟ್ಟು ಕಾಯಿರಿ. ಸಲೀಸಾಗಿ ತಿರುಗಿದರೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಆಮೇಲೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ವೈರ್ ಕಳಚಿ, ಪ್ಲಗ್ ಹಾಕದೆಯೇ ಸ್ಟಾರ್ಟರ್‌ನಿಂದ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಮೇಲೆದ್ದಿತು ಅಂದರೆ ಬೇರಿಂಗುಗಳಿಗೆ ಎಣ್ಣೆ ತಲುಪಿತು ಅಂತ ಅರ್ಥ.

ಟ್ಯಾಂಕಿನ ಹಳೇ ಪೆಟ್ರೋಲನ್ನು ಒಂದು ತೊಟ್ಟೂ ಬಿಡದೆ ತೆಗೆಯಿರಿ. ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನೂ ಬದಲಿಸಿ. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸಿರುತ್ತಾರೆ. ಆ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತದೆ. ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಇಡೀ ಕಾರೇ ಸುಟ್ಟುಹೋಗಬಹುದು.

ಬ್ಯಾಟರಿ ಜೋಡಿಸುವಾಗ ಇನ್ನೊಂದು ಎಚ್ಚರ. ನಿಮ್ಮ 1966ರ ಗಾಡಿಯಲ್ಲಿ ಮೂಲದಲ್ಲಿ ಪಾಸಿಟಿವ್ ತುದಿಯೇ ಅರ್ತ್, ಅಂದರೆ ಬಾಡಿಗೆ ಜೋಡಿಸುವ ತುದಿ. ನೆಗೆಟಿವ್ ಅರ್ತ್ ಬಂದದ್ದು 1967ರ ಕೊನೆಗೆ ಬಂದ ಎರಡನೇ ಮಾದರಿಯಲ್ಲಿ. ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಮಾಡಿರುತ್ತಾರೆ. ಮಧ್ಯದಲ್ಲಿ ಯಾರಾದರೂ ಬದಲಿಸಿರಲೂಬಹುದು. ಆದ್ದರಿಂದ ದಪ್ಪ ಅರ್ತ್ ಕೇಬಲ್ ಬ್ಯಾಟರಿಯ ಯಾವ ತುದಿಯಿಂದ ಬಾಡಿಗೆ ಹೋಗಿದೆ ಅಂತ ಕಣ್ಣಾರೆ ನೋಡಿ.

ಇಷ್ಟಾದರೂ ರಸ್ತೆಗೆ ಇಳಿಸುವ ಮಾತು ಆಮೇಲೆ. ಮೊದಲು ಬ್ರೇಕ್. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರುಗಳಿಗೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಹಳೇ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಪೆಡಲ್ ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇದ್ದರೆ ಅನುಮಾನ ಆ ಹೋಸಿನ ಮೇಲೇ ಇರಲಿ. ನಿಮ್ಮ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಒಂದು ಕಡೆ ಒಡೆದರೆ ಪೂರ್ತಿ ಬ್ರೇಕೇ ಹೋಗುತ್ತದೆ. ಇಲ್ಲಿ ಮಾತ್ರ ಜಿಪುಣತನ ಬೇಡ.

ಪೂರ್ತಿ ಬಿಚ್ಚುವ ಯೋಚನೆಗೆ ನನ್ನ ಒಪ್ಪಿಗೆ ಇಲ್ಲ. ಪೂರ್ತಿ ಬಿಚ್ಚಿದ ಎಷ್ಟೋ ಕಾರುಗಳು ಡಬ್ಬಿಗಳಲ್ಲೇ ಉಳಿದುಬಿಡುತ್ತವೆ. ಯಾವ ಬೋಲ್ಟ್ ಎಲ್ಲಿಯದು ಅಂತ ನೆನಪಿರುವುದಿಲ್ಲ, ಉತ್ಸಾಹವೂ ಇಳಿದಿರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಿರಿ. ಬ್ರೇಕ್ ಬಿಚ್ಚಿದರೆ ಬ್ರೇಕ್ ಮುಗಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಬೋಲ್ಟುಗಳನ್ನು ಚೀಟಿ ಬರೆದ ಕವರಿನಲ್ಲಿ ಹಾಕಿಡಿ. ಓಡುವ ಕಾರಿನ ಮೇಲೆ ಕೆಲಸ ಮಾಡುವ ಮನಸ್ಸು ತಾನಾಗಿ ಬರುತ್ತದೆ.

ಪ್ರಶ್ನೆ: ನನ್ನ ಎಂಜಿಬಿಯ ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದಿದೆ. ಪ್ಯಾಚ್ ಹೊಡೆದು, ಪುಟ್ಟಿ ಹಾಕಿ, ಬಣ್ಣ ಬಳಿದರೆ ಸಾಕು ಅಂತ ಟಿಂಕರಿಂಗ್ ಮಾಡುವವರು ಹೇಳುತ್ತಾರೆ. ಸಾಕಾ?

ಉತ್ತರ: ಸಾಲದು. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಅದರಲ್ಲೂ ಮೇಲ್ಛಾವಣಿ ಇಲ್ಲದ ಓಪನ್ ಕಾರಿನಲ್ಲಿ ಮುಂದಿನ ಅರ್ಧ ಮತ್ತು ಹಿಂದಿನ ಅರ್ಧವನ್ನು ಹಿಡಿದಿಡುವ ಮುಖ್ಯ ಭಾಗ ಆ ಸಿಲ್ಲುಗಳು. ಕಣ್ಣಿಗೆ ಕಾಣುವುದು ಹೊರಗಿನ ತಗಡು ಮಾತ್ರ. ಅದರ ಹಿಂದೆ ನೆಟ್ಟಗೆ ನಿಂತ ಇನ್ನೊಂದು ತಗಡು, ಕೆಳಗೆ ಕ್ಯಾಸಲ್ ರೈಲ್ ಅನ್ನುವ ಮಡಚಿದ ತಗಡು ಇವೆ. ಹೊರಗೆ ತೂತು ಕಂಡಿತು ಅಂದರೆ ಒಳಗೆ ಬಹಳ ದಿನಗಳಿಂದ ಕೊಳೆಯುತ್ತಿದೆ ಅಂತಲೇ ತಿಳಿಯಿರಿ.

ಒಂದು ಪರೀಕ್ಷೆ ಮಾಡಿ. ಬಾಗಿಲು ಮುಚ್ಚಿ, ಅದರ ಹಿಂದಿನ ಅಂಚಿನ ಸಂದು ಮೇಲಿಂದ ಕೆಳಗಿನವರೆಗೆ ಎಷ್ಟಿದೆ ಅಂತ ಅಳೆದಿಡಿ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂತುದಿ ಬಾಡಿಗೆ ಸೇರುವ ಜಾಗಕ್ಕೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿ, ಮತ್ತೆ ಅಳೆಯಿರಿ. ಸಂದು ಬದಲಾದರೆ, ಬಾಗಿಲು ತೆಗೆಯುವಾಗ ಹಿಡಿದುಕೊಂಡರೆ, ಬಾಡಿ ಬಗ್ಗುತ್ತಿದೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಟ್ಟೇ ಹೋಗಿ.

ಸಿಲ್ ಬದಲಿಸುವುದಾದರೆ ತಗಡು ಕತ್ತರಿಸುವ ಮುಂಚೆ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆಯಿರಿ. ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಇನ್ನೊಂದು ಪಕ್ಕ ಮುಟ್ಟಲೇಬೇಡಿ. ಬಾಗಿಲು ಹಾಕಿ ತೆಗೆದು ಸಂದು ನೋಡುತ್ತಾ ಹೋಗಿ. ವೆಲ್ಡಿಂಗ್ ಕೈ ಪಳಗಿಲ್ಲದಿದ್ದರೆ ಈ ಒಂದು ಕೆಲಸ ಪಳಗಿದವರಿಗೇ ಬಿಡಿ. ಹೊಸ ತಗಡುಗಳು ಈಗಲೂ ತಯಾರಾಗುತ್ತವೆ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಮಾಡುತ್ತಾ ಬಂದಿದೆ. ಅಂದಮೇಲೆ ಪುಟ್ಟಿ ಯಾಕೆ ಹೇಳಿ?

ಪ್ರಶ್ನೆ: 1965ರ ಎಂಜಿಬಿ. ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ ಇವೆ. ಐಡ್ಲಿಂಗ್ ಒಂದೇ ಸಮ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸುತ್ತದೆ.

ಉತ್ತರ: ತಡವರಿಸುವುದಕ್ಕೆ ಔಷಧಿ ಬಹಳ ಸುಲಭ ಇರಬಹುದು. ಎರಡೂ ಕಾರ್ಬುರೇಟರಿನ ನೆತ್ತಿಯ ಮೇಲಿನ ಕ್ಯಾಪ್ ಬಿಚ್ಚಿ ನೋಡಿ. ಒಳಗೆ ಎಣ್ಣೆ ಇರಬೇಕು. ಒಣಗಿದ್ದರೆ 20 ಗ್ರೇಡಿನ ತೆಳು ಆಯಿಲ್ ಹಾಕಿ. ಆ ಎಣ್ಣೆ ಇಲ್ಲದಿದ್ದರೆ ಕಾರ್ಬುರೇಟರಿನೊಳಗಿನ ಪಿಸ್ಟನ್ ಸರಕ್ಕನೆ ಮೇಲೆ ಹಾರುತ್ತದೆ, ಗಾಳಿ ಜಾಸ್ತಿಯಾಗಿ ಪೆಟ್ರೋಲ್ ಕಮ್ಮಿ ಬೀಳುತ್ತದೆ.

ಐಡ್ಲಿಂಗ್ ವಿಷಯಕ್ಕೆ ಬಂದರೆ, ಕಾರ್ಬುರೇಟರ್ ಮುಟ್ಟುವುದು ಕೊನೆಗೆ. ಮೊದಲು ಸಂದುಗಳು ಸರಿಯಿವೆಯಾ ನೋಡಿ: ವಾಲ್ವಿನ ಟ್ಯಾಪೆಟ್ 0.015 ಇಂಚು, ಡಿಸ್ಟ್ರಿಬ್ಯೂಟರಿನ ಪಾಯಿಂಟ್ 0.015 ಇಂಚು, ಪ್ಲಗ್ 0.025 ಇಂಚು. ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿಮಾಡಿ. ಇಂಜಿನ್ ಬಿಸಿಯಾದ ಮೇಲೆ ಒಂದು ತುಂಡು ರಬ್ಬರ್ ಟ್ಯೂಬನ್ನು ಕಿವಿಗೆ ಹಿಡಿದು, ಎರಡೂ ಕಾರ್ಬುರೇಟರಿನ ಬಾಯಲ್ಲಿ ಗಾಳಿ ಎಳೆಯುವ ಸದ್ದು ಕೇಳಿ. ಎರಡೂ ಒಂದೇ ತರ ಕೇಳುವವರೆಗೆ ಐಡ್ಲಿಂಗ್ ಸ್ಕ್ರೂ ಹೊಂದಿಸಿ.

ಇನ್ನು ಮಿಕ್ಸ್ಚರ್, ಅಂದರೆ ಗಾಳಿ ಮತ್ತು ಪೆಟ್ರೋಲಿನ ಬೆರಕೆ. ಬದಿಯಲ್ಲಿರುವ ಚಿಕ್ಕ ಪಿನ್ನಿನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಿ. ಇಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಕುಸಿದರೆ ಅಥವಾ ಆಫ್ ಆದರೆ ಕಮ್ಮಿ. ಒಂಚೂರು ಏರಿ ಮತ್ತೆ ಮೊದಲಿನ ಹಾಗಾದರೆ ಸರಿಯಾಗಿದೆ. ಕೆಳಗಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸಿ. ಜೆಟ್ ಕೆಳಗಿಳಿದರೆ ಪೆಟ್ರೋಲ್ ಹೆಚ್ಚು, ಮೇಲೇರಿದರೆ ಕಮ್ಮಿ. ಪಿಸ್ಟನ್ ಬಿಚ್ಚಿ ತೊಳೆಯುವುದಾದರೆ ಒಂದರದ್ದನ್ನು ಇನ್ನೊಂದಕ್ಕೆ ಹಾಕಬೇಡಿ, ಅವು ಜೋಡಿ ನೋಡಿ ಮಾಡಿದವು. ಮರಳು ಕಾಗದವಂತೂ ತಾಗಿಸಲೇಬಾರದು.

ಪ್ರಶ್ನೆ: ಬಹಳ ದಿನ ನಿಂತ ಕಾರು. ಇಂಜಿನ್ ಚೆನ್ನಾಗಿದೆ, ಆದರೆ ಕ್ಲಚ್ ಒತ್ತಿದರೂ ಗೇರ್ ಬೀಳುವುದಿಲ್ಲ.

ಉತ್ತರ: ಮೊದಲು ಕ್ಲಚ್ಚಿನ ಹೈಡ್ರಾಲಿಕ್ ನೋಡಿ: ಆಯಿಲ್ ಇದೆಯಾ, ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರ್ ಸೋರುತ್ತಿದೆಯಾ, ಪೆಡಲ್ ಒತ್ತಿದಾಗ ಅದರ ರಾಡ್ ಹೊರಗೆ ಬರುತ್ತದಾ. ಇದೆಲ್ಲ ಸರಿಯಿದ್ದರೆ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿರುವುದೇ ಹೆಚ್ಚು. ಗೇರ್ ನ್ಯೂಟ್ರಲ್ಲಿನಲ್ಲಿಟ್ಟು ಇಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ, ಆಫ್ ಮಾಡಿ, ಕ್ಲಚ್ ಪೆಡಲನ್ನು ಮರದ ತುಂಡಿನಿಂದ ಒತ್ತಿ ನಿಲ್ಲಿಸಿ ಬಿಡಿ. ಎಷ್ಟೋ ಸಲ ಇಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಇಂಜಿನ್ ಇಳಿಸಬೇಕು.

ಪ್ರಶ್ನೆ: ಕಂಪನಿಯ ಮೂಲ ಬಣ್ಣ ಅಲ್ಲಲ್ಲಿ ಮಾಸಿದೆ, ತುಕ್ಕು ಇಲ್ಲ. ಹೊಸ ಬಣ್ಣ ಹೊಡೆಸಲಾ?

ಉತ್ತರ: ಬೇಡ. ಮೊದಲು ಒಂದು ಮೂಲೆಯಲ್ಲಿ ಪಾಲಿಶ್ ಮಾಡಿ ನೋಡಿ. ಅಷ್ಟು ವರ್ಷ ಉಳಿದ ಬಣ್ಣವನ್ನು ಒಮ್ಮೆ ಕೆರೆದು ತೆಗೆದರೆ ಮತ್ತೆ ಬರುವುದಿಲ್ಲ. ಬಣ್ಣಕ್ಕೆ ಅಂತ ತೆಗೆದಿಟ್ಟ ದುಡ್ಡನ್ನು ಟೈರಿಗೆ ಹಾಕಿ. ಹಳೇ ಟೈರಿನಲ್ಲಿ ಬಟನ್‌ಗಳು (ಟ್ರೆಡ್) ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿ ರಸ್ತೆಯ ಹಿಡಿತ ಹೋಗಿರುತ್ತದೆ. ಪಕ್ಕದ ಗೋಡೆಯಲ್ಲಿ ಅಚ್ಚು ಹಾಕಿದ ನಾಲ್ಕು ಅಂಕಿ ನೋಡಿ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2000ಕ್ಕಿಂತ ಹಿಂದಿನ ಟೈರಿನಲ್ಲಿ ಮೂರೇ ಅಂಕಿ ಇರುತ್ತದೆ. ಮೂರು ಕಂಡರೆ ಯೋಚನೆಯೇ ಬೇಡ, ಅವತ್ತೇ ತೆಗೆದುಹಾಕಿ.