ಓದುಗರ ಪ್ರಶ್ನೆ: ವೈದ್ಯವೃತ್ತಿ ಬಿಡಬೇಕೋ, ಪಾಳಿ ಬದಲಿಸಬೇಕೋ?

ಪ್ರಶ್ನೆ: ನಾನು ಹಲವು ವರ್ಷಗಳಿಂದ ದೊಡ್ಡ ಆಸ್ಪತ್ರೆಯೊಂದರ ಜನರಲ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ವೈದ್ಯೆ. ರೋಗಿಯ ಮಾತು ಕೇಳಿ ಕಾಯಿಲೆಯ ಮೂಲ ಹುಡುಕುವುದು ನನಗೆ ಈಗಲೂ ಇಷ್ಟ. ಆದರೆ ರಾತ್ರಿ ಪಾಳಿ ಮುಗಿದ ಮೇಲೂ ಕಂಪ್ಯೂಟರ್ ಮುಂದೆ ಕುಳಿತು ಬಾಕಿ ಕೇಸ್‌ಶೀಟ್, ಡಿಸ್ಚಾರ್ಜ್ ಸಮರಿಗಳನ್ನು ತುಂಬಬೇಕಾಗುತ್ತದೆ. ಈಚೆಗೆ ಪಾಳಿಗೆ ಹೊರಡುವ ಹೊತ್ತಿಗೆ ಎದೆ ಹೊಡೆದುಕೊಳ್ಳತೊಡಗುತ್ತದೆ. ಔಷಧ ಕಂಪನಿಗೆ ಸೇರು ಎಂದು ಗೆಳತಿ ಹೇಳುತ್ತಾಳೆ; ಓದಿದ್ದೆಲ್ಲ ವ್ಯರ್ಥವಾಗುತ್ತದೆ ಎಂದು ಮನೆಯವರು ಹೇಳುತ್ತಾರೆ. ನಾನು ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ರೋಗಿಗಳ ಮೇಲೆ ಒಂದೇ ಒಂದು ದೂರಿಲ್ಲ, ದೂರುಗಳೆಲ್ಲ ರಾತ್ರಿ ಪಾಳಿಯ ಮೇಲೆ, ದಾಖಲೆಗಳ ಮೇಲೆ ಇವೆ. ಆದ್ದರಿಂದ ನಿಮಗೆ ಬೇಡವಾಗಿರುವುದು ವೈದ್ಯಕೀಯವೋ ಅಥವಾ ಆ ಆಸ್ಪತ್ರೆಯ ಕೆಲಸದ ಕ್ರಮವೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಹಗಲಿನ ಹೊರರೋಗಿ ವಿಭಾಗಕ್ಕೆ ಬದಲಿಸಿಕೊಂಡು, ಇಲ್ಲವೇ ರಾತ್ರಿ ಪಾಳಿಯಿಲ್ಲದ ಚಿಕ್ಕ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿ ನೋಡುವುದು ರಾಜೀನಾಮೆಗಿಂತ ಅಗ್ಗದ ಪರೀಕ್ಷೆ. ಎದೆಬಡಿತ ಅಲ್ಲಿ ತಣ್ಣಗಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆಯೇ.

ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆ, ಅಂದರೆ 2022ರ ಜನವರಿಯಿಂದ ಜಾರಿಯಲ್ಲಿರುವುದು, 'ಬರ್ನೌಟ್' ಅನ್ನು ಕಾಯಿಲೆಯೆಂದು ಪರಿಗಣಿಸದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸಿದೆ. ವಿಪರೀತ ಬಳಲಿಕೆ, ಕೆಲಸದ ಬಗ್ಗೆ ಮೂಡುವ ದೂರತ್ವ ಅಥವಾ ತಾತ್ಸಾರ, ತನ್ನಿಂದ ಏನೂ ಸರಿಯಾಗಿ ಆಗುತ್ತಿಲ್ಲವೆಂಬ ಭಾವ ಇವು ಅದರ ಮೂರು ಲಕ್ಷಣಗಳು. ನಿಮ್ಮಲ್ಲಿ ಮೊದಲನೆಯದು ಎದ್ದು ಕಾಣುತ್ತದೆ, ಎರಡನೆಯದರ ಸುಳಿವಿಲ್ಲ. ಆದರೆ ರಜೆಯ ದಿನಗಳಲ್ಲೂ ನಿದ್ರೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದನ್ನು ಬರೀ ಕೆಲಸದ ದಣಿವೆಂದು ತಳ್ಳಿಹಾಕದೆ ಇನ್ನೊಬ್ಬ ವೈದ್ಯರ ಬಳಿ ಹೋಗಿ. ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುವ ಚಾಳಿ ನಿಮ್ಮ ವೃತ್ತಿಯವರಲ್ಲಿ ತುಸು ಹೆಚ್ಚು.

ಇನ್ನು ಔಷಧ ಕಂಪನಿಯ ಮಾತು. ಅಲ್ಲಿರುವುದು ಒಂದೇ ಬಗೆಯ ಕೆಲಸವಲ್ಲ. ಔಷಧ ಸುರಕ್ಷತಾ ವಿಭಾಗದ ವೈದ್ಯರು ಅಡ್ಡಪರಿಣಾಮದ ವರದಿಗಳನ್ನು ಓದಿ, ರೋಗಿಗೆ ಆದ ತೊಂದರೆಗೆ ಔಷಧವೇ ಕಾರಣವೋ, ಮೊದಲೇ ಇದ್ದ ಕಾಯಿಲೆ ಕಾರಣವೋ ಎಂದು ತೂಗಿ ನೋಡುತ್ತಾರೆ. ಕಾಯಿಲೆಯ ಮೂಲ ಹುಡುಕುವ ನಿಮ್ಮ ಸ್ವಭಾವಕ್ಕೆ ಇದು ಹಿಡಿಸಬಹುದು, ಆದರೆ ಇದು ಇಡೀ ದಿನದ ದಾಖಲೆ ಕೆಲಸ, ಅದೂ ಗಡುವಿನ ಕೆಲಸ. ಪ್ರಯೋಗದ ಹಂತದಲ್ಲಿರುವ ಔಷಧದಿಂದ ಅನಿರೀಕ್ಷಿತವಾಗಿ ಪ್ರಾಣಾಪಾಯದ ಪರಿಣಾಮವಾದ ಶಂಕೆಯಿದ್ದರೆ, ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದು ಕಂಪನಿಯ ಗಮನಕ್ಕೆ ಬಂದ 7 ದಿನಗಳೊಳಗೆ, ಉಳಿದ ಗಂಭೀರ ಪ್ರಕರಣಗಳಾದರೆ 15 ದಿನಗಳೊಳಗೆ ನಿಯಂತ್ರಣ ಸಂಸ್ಥೆಗೆ ತಿಳಿಸಬೇಕು. ಕೇಸ್‌ಶೀಟಿನಿಂದ ಪಾರಾಗಲು ಹೊರಟವರು ಇದನ್ನು ತಿಳಿದೇ ಒಳಗೆ ಕಾಲಿಡಬೇಕು. ವಿಮಾ ಸಂಸ್ಥೆಯ ಕ್ಲೇಮ್ ಪರಿಶೀಲನೆಯಲ್ಲಿ ರಾತ್ರಿ ಪಾಳಿಯ ಕಾಟ ಕಡಿಮೆ, ಆದರೆ ಚಿಕಿತ್ಸೆ ಕೊಡುತ್ತಿರುವ ಸಹವೈದ್ಯರಿಗೆ 'ಆಗದು' ಎನ್ನುವ ಪ್ರಸಂಗಗಳು ಬರುತ್ತವೆ. ಕೆಲವರಿಗೆ ಅದು ರಾತ್ರಿ ಪಾಳಿಗಿಂತ ಭಾರ. ವೈದ್ಯಕೀಯ ಬರವಣಿಗೆ, ಬೋಧನೆ, ಸಾರ್ವಜನಿಕ ಆರೋಗ್ಯ ಇವೂ ಇವೆ. ಹಾಗೆ ನೋಡಿದರೆ, ಆಸ್ಪತ್ರೆಗಳ ದಾಖಲೆ ತಂತ್ರಾಂಶವನ್ನು ರೂಪಿಸುವ ತಂಡಗಳಿಗೂ ವೈದ್ಯರು ಬೇಕು, ಮತ್ತು ಆ ಪರದೆಯ ಮೇಲೆ ಸಿಟ್ಟಿರುವವರೇ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಓದು ವ್ಯರ್ಥವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿಸ್ ಕೆಲ್ಸಿ ಎಂಬ ವೈದ್ಯೆ ರೋಗಿಗಳನ್ನು ನೋಡುತ್ತಿದ್ದವರು 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸೇರಿದರು. ಆರಂಭದಲ್ಲೇ ಅವರ ಮೇಜಿಗೆ ಬಂದ ಕಡತಗಳಲ್ಲಿ ಥಾಲಿಡೊಮೈಡ್ ಔಷಧದ ಅರ್ಜಿಯೂ ಒಂದು. ಕಂಪನಿ ಎಷ್ಟೇ ಒತ್ತಾಯಿಸಿದರೂ ಸುರಕ್ಷತೆಯ ಪುರಾವೆ ಸಾಲದೆಂದು ಅವರು ಅನುಮತಿ ಕೊಡಲಿಲ್ಲ. ಅದೇ ಔಷಧವನ್ನು ಗರ್ಭಿಣಿಯರು ಸೇವಿಸಿದ ಇತರ ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದರು. ಆ ಮೇಜಿನ ಮುಂದೆ ಕುಳಿತಾಗ ಅವರ ವೈದ್ಯಕೀಯ ಓದು ಒಂದಿಷ್ಟೂ ವ್ಯರ್ಥವಾಗಿರಲಿಲ್ಲ.

ಕಡೆಗೂ ಹೊರಡುವುದೇ ಎಂದಾದರೆ ನೋಂದಣಿ ತಪ್ಪದಂತೆ ನೋಡಿಕೊಳ್ಳಿ, ಸಾಧ್ಯವಾದರೆ ವಾರಕ್ಕೆ ಅರ್ಧ ದಿನವಾದರೂ ರೋಗಿಗಳನ್ನು ನೋಡುತ್ತಿರಿ. ಬಹಳ ವರ್ಷ ಬಿಟ್ಟು ಮರಳುವವರು ಹಲವೆಡೆ ಮರುತರಬೇತಿಗೆ ಒಳಪಡಬೇಕಾಗುತ್ತದೆ. ನಿಮ್ಮ ವೃತ್ತಿ ಹೊಣೆಗಾರಿಕೆಯ ವಿಮೆ, ಪಾಲಿಸಿ ಜಾರಿಯಲ್ಲಿರುವಾಗ ಬಂದ ದಾವೆಗಳಿಗೆ ಮಾತ್ರ ಅನ್ವಯಿಸುವಂಥದ್ದಾದರೆ, ನೀವು ಹಿಂದೆ ನೀಡಿದ ಚಿಕಿತ್ಸೆಯ ಬಗ್ಗೆ ಮುಂದೆ ಯಾರಾದರೂ ದಾವೆ ಹೂಡಿದಾಗ ಅದು ನೆರವಿಗೆ ಬಾರದು. ಅದಕ್ಕಾಗಿ ಪ್ರತ್ಯೇಕವಾಗಿ 'ಟೇಲ್ ಕವರ್' ಕೊಳ್ಳಬೇಕಾಗುತ್ತದೆ. ಅದರ ಖರ್ಚು ನಿಮ್ಮದೋ ಆಸ್ಪತ್ರೆಯದೋ ಎಂಬುದನ್ನು ರಾಜೀನಾಮೆ ಪತ್ರ ಕೊಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.